ಗಂಡನ ಕಾಯಿಲೆ ವಾಸಿಯಾಗದಿದ್ದರೆ ನನ್ನ ನಂಬಿಕೆ ಸಾಲದು ಅಂತಲೇ ಅರ್ಥವೇ?

ಪ್ರಶ್ನೆ: ನನ್ನ ಗಂಡನಿಗೆ ಎರಡೂ ಕಿಡ್ನಿ ಹೋಗಿ ಮೂರು ವರ್ಷವಾಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾವು ಹೋಗುವ ಪ್ರಾರ್ಥನಾ ಕೂಟದಲ್ಲಿ ಮೊದಲು ಎಲ್ಲರೂ ಅಕ್ಕರೆಯಿಂದ ಪ್ರಾರ್ಥಿಸುತ್ತಿದ್ದರು. ಈಗ "ನಿಮ್ಮ ಮನೆಯಲ್ಲಿ ನಂಬಿಕೆ ಕಡಿಮೆ, ಅದಕ್ಕೇ ವಾಸಿಯಾಗುತ್ತಿಲ್ಲ" ಎನ್ನುತ್ತಾರೆ. ಒಬ್ಬರಂತೂ "ನಿಜವಾಗಿ ನಂಬಿದ್ದರೆ ಡಯಾಲಿಸಿಸ್ ಬಿಟ್ಟು ತೋರಿಸಿ" ಎಂದರು. ಯೇಸುಸ್ವಾಮಿ ಕೂಡ ಆ ರಕ್ತಸ್ರಾವದ ಹೆಂಗಸಿಗೆ ನಿನ್ನ ನಂಬಿಕೆಯಿಂದಲೇ ನಿನಗೆ ವಾಸಿಯಾಯಿತು ಎಂದು ಹೇಳಿದ್ದಾರಲ್ಲ? ಹಾಗಾದರೆ ತಪ್ಪು ನನ್ನದೇ ಇರಬೇಕು. ಇತ್ತೀಚೆಗೆ ನನಗೆ ಗಂಡನ ಮೇಲೆ ರೇಗಿಹೋಗುತ್ತದೆ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಕರುಣೆಯೂ ಹೋಯಿತು, ನಂಬಿಕೆಯೂ ಹೋಯಿತು ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ:

ಅಮ್ಮಾ, ಬೈಬಲ್ ಮಾತು ಆಮೇಲೆ. ಮೊದಲು ಇದು: ಡಯಾಲಿಸಿಸ್ ಒಂದು ಸಲವೂ ತಪ್ಪಿಸಬೇಡಿ. ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ಅದು ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ಇದ್ದಕ್ಕಿದ್ದಂತೆ ನಿಂತುಹೋಗಬಹುದು. ಅದು ನಂಬಿಕೆಯ ಪರೀಕ್ಷೆ ಅಲ್ಲ, ಒಬ್ಬ ಮನುಷ್ಯನ ಜೀವ ಇಟ್ಟು ಆಡುವ ಜೂಜು. "ಬಿಟ್ಟು ತೋರಿಸಿ" ಎನ್ನುವ ಮಾತು ಬೈಬಲಿನಲ್ಲೂ ಇದೆ, ಇಲ್ಲ ಅನ್ನುವುದಿಲ್ಲ. ಮತ್ತಾಯ 4ರಲ್ಲಿ ನೋಡಿ. ದೇವಾಲಯದ ಮೇಲಿಂದ ಕೆಳಗೆ ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಎಂದು ಒಬ್ಬ ಯೇಸುವಿಗೆ ಹೇಳುತ್ತಾನೆ. ಹೇಳಿದವನು ಸೈತಾನ. ಅವನೂ 91ನೇ ಕೀರ್ತನೆಯ ವಚನವನ್ನೇ ಎತ್ತಿ ಆಡಿದ್ದ. ನಿಮ್ಮ ಕೂಟದವರನ್ನು ನಾನು ಸೈತಾನ ಅನ್ನುತ್ತಿಲ್ಲ, ಪಾಪ, ಅವರಿಗೆ ಗೊತ್ತಿಲ್ಲದೆ ಬಾಯಿಗೆ ಬಂದಿರುತ್ತದೆ. ಆ ಸಲಹೆ ಯಾವ ಮನೆತನದ್ದು ಅಂತ ತೋರಿಸಿದೆ ಅಷ್ಟೆ.

ಔಷಧಿ ಮತ್ತು ಪ್ರಾರ್ಥನೆ ಒಂದೇ ಮನೆಯಲ್ಲಿ ಇರಬಾರದು ಅಂತ ಯಾರು ಹೇಳಿದರೋ ಗೊತ್ತಿಲ್ಲ. ಹಿಜ್ಕೀಯ ರಾಜ ಸಾಯುವ ಹಾಗಿದ್ದಾಗ ಗೋಡೆಯ ಕಡೆ ತಿರುಗಿ ಅತ್ತ. ಪ್ರವಾದಿ ಯೆಶಾಯ ಬಂದು, ದೇವರು ನಿನ್ನ ಪ್ರಾರ್ಥನೆ ಕೇಳಿದ್ದಾರೆ, ಇನ್ನೂ 15 ವರ್ಷ ಬದುಕುತ್ತೀಯ ಎಂದ. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿ ಅಂತಲೂ ಹೇಳಿದ. ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ನಿನ್ನ ಹೊಟ್ಟೆಗೆ ಆಗಾಗ ತೊಂದರೆ ಬರುತ್ತದೆ, ಬರೀ ನೀರು ಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ. ಅದೇ ಪೌಲನು ಇನ್ನೊಂದು ಕಾಗದದ ಕೊನೆಯಲ್ಲಿ, ಜೊತೆಗಾರ ತ್ರೊಫಿಮನಿಗೆ ಹುಷಾರಿರಲಿಲ್ಲ, ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಎನ್ನುತ್ತಾನೆ. ಒಂದೇ ಸಾಲು. ಯಾಕೆ ವಾಸಿಯಾಗಲಿಲ್ಲ, ಯಾರ ನಂಬಿಕೆ ಕಡಿಮೆಯಾಯಿತು, ಒಂದೂ ಇಲ್ಲ. ಹುಷಾರಿಲ್ಲದವನನ್ನು ಹುಷಾರಿಲ್ಲದವನು ಎಂದಷ್ಟೇ ಕರೆದು ಮುಂದಕ್ಕೆ ಹೋಗುವ ದೊಡ್ಡತನ ಅದು.

ಈ ವಿಷಯದಲ್ಲಿ ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಯಾಕೆಂದರೆ ನಾನೂ ಒಮ್ಮೆ ಇದೇ ಮಾತು ಆಡಿದವನು. ಸೆಮಿನರಿ ಮುಗಿಸಿ ಹೊಸದಾಗಿ ಸಭೆಗೆ ಬಂದಿದ್ದೆ. ಒಬ್ಬ ತಾಯಿಗೆ ಕ್ಯಾನ್ಸರ್. ಮನೆಗೆ ಹೋಗಿ ಎಣ್ಣೆ ಹಚ್ಚಿ ಪ್ರಾರ್ಥಿಸಿ, ಹೊರಡುವಾಗ, ಮನಸ್ಸಿನ ಯಾವುದೋ ಮೂಲೆಯಲ್ಲಿ ಸಂಶಯ ಉಳಿದಿದೆಯಾ ನೋಡಿಕೊಳ್ಳಿ ಎಂದೆ. ಆಕೆ ನನ್ನ ಮುಖವನ್ನೇ ನೋಡಿ, "ಎಷ್ಟು ನಂಬಬೇಕು ಅಯ್ಯನೋರೇ? ಎಷ್ಟು ಅಂತ ಹೇಳಿ, ಅಷ್ಟು ನಂಬ್ತೀನಿ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳಿಗೆ ಅವರು ಹೋದರು. ಹೋಗುವಾಗಲೂ ಲೆಕ್ಕ ಹಾಕುತ್ತಿದ್ದರೇನೋ, ಇನ್ನೂ ಎಷ್ಟು ಕಡಿಮೆ ಬಿತ್ತು ಅಂತ. ಆಮೇಲೆ ಮೂವತ್ತು ವರ್ಷ ಬೈಬಲ್ ಪಾಠ ಹೇಳಿದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಹೇಳಿದೆ ಅಂದರೂ ತಪ್ಪಿಲ್ಲ.

ಈಗ ನೀವು ಎತ್ತಿದ ಕಥೆಗೇ ಬರೋಣ. ಮಾರ್ಕ 5. ಅಲ್ಲಿ ಒಂದು ಕಥೆ ಇಲ್ಲ, ಎರಡು ಇವೆ, ಒಂದರ ಹೊಟ್ಟೆಯೊಳಗೆ ಇನ್ನೊಂದು. ಯಾಯೀರ ಸಭಾಮಂದಿರದ ಅಧಿಕಾರಿ, ಊರಲ್ಲಿ ಮರ್ಯಾದೆ ಇರುವವನು. 12 ವರ್ಷದ ಮಗಳು ಸಾಯುತ್ತಿದ್ದಾಳೆ, ಬೇಗ ಬನ್ನಿ ಎಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಹೋಗುವ ದಾರಿಯಲ್ಲಿ ಜನಜಂಗುಳಿ. ಆ ಗುಂಪಿನೊಳಗೆ ಹೆಸರಿಲ್ಲದ ಒಬ್ಬ ಹೆಂಗಸು, ಆಕೆಗೆ ರಕ್ತಸ್ರಾವ ಶುರುವಾಗಿ 12 ವರ್ಷ. ಅಂದರೆ ಆ ಮಗು ಎಷ್ಟು ವರ್ಷ ಬೆಳೆಯಿತೋ ಅಷ್ಟೂ ವರ್ಷ ಈಕೆ ಸವೆದಿದ್ದಾಳೆ. ಯಾಜಕಕಾಂಡದ 15ನೇ ಅಧ್ಯಾಯದ ನಿಯಮದ ಪ್ರಕಾರ ಅಷ್ಟೂ ಕಾಲ ಅವಳು ಮುಟ್ಟಿದ ಹಾಸಿಗೆ, ಕೂತ ಜಾಗ ಎಲ್ಲವೂ ಮೈಲಿಗೆ. ನಮ್ಮ ಕಡೆಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದ್ದ ದುಡ್ಡೆಲ್ಲ ವೈದ್ಯರಿಗೆ ಸುರಿದು, ಗುಣವಾಗುವುದು ಹೋಗಲಿ, ಇನ್ನೂ ಹೆಚ್ಚಾಯಿತು ಎಂದು ಮಾರ್ಕ ಬರೆಯುತ್ತಾನೆ. (ಇದೇ ಕಥೆಯನ್ನು ಲೂಕ ಹೇಳುವಾಗ, ವೈದ್ಯರಿಂದ ಇನ್ನೂ ಹೆಚ್ಚಾಯಿತು ಎಂಬ ಮಾತು ಮಾತ್ರ ಕಾಣುವುದಿಲ್ಲ. ಲೂಕ ಸ್ವತಃ ವೈದ್ಯ ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ನಮ್ಮವರನ್ನು ನಾವು ಬಿಟ್ಟುಕೊಡುತ್ತೇವಾ!)

ಈಗ ಅವಳ ನಂಬಿಕೆ ಎಂಥದ್ದು ನೋಡಿ. ಎದುರಿಗೆ ಬರುವ ಧೈರ್ಯ ಇಲ್ಲ. ಹಿಂದಿನಿಂದ, ಕಳ್ಳರ ಹಾಗೆ ಬಂದು ಬಟ್ಟೆ ಮುಟ್ಟುತ್ತಾಳೆ. ಬಟ್ಟೆ ಮುಟ್ಟಿದರೆ ಸಾಕು ಎನ್ನುವುದರಲ್ಲಿ ದೇವರ ಜ್ಞಾನಕ್ಕಿಂತ ತಾಯತದ ನಂಬಿಕೆಯೇ ಸ್ವಲ್ಪ ಜಾಸ್ತಿ ಇದ್ದಂತಿದೆ. "ಯಾರು ಮುಟ್ಟಿದ್ದು" ಎಂದು ಯೇಸು ಕೇಳಿದಾಗ ಗಡಗಡ ನಡುಗಿಕೊಂಡು ಬಂದು ಬೀಳುತ್ತಾಳೆ. ಇದನ್ನೆಲ್ಲ ಕೂಡಿಸಿಯೇ ಯೇಸು "ಮಗಳೇ, ನಿನ್ನ ನಂಬಿಕೆ" ಎಂದು ಕರೆದದ್ದು. ಭಯ, ಗುಟ್ಟು, ಅರೆಬರೆ ತಿಳಿವಳಿಕೆ, ನಡುಕ. ನಿಮ್ಮ ಹತ್ತಿರ ಇರುವುದೂ ಅದೇ ಅಲ್ವಾ?

ಇನ್ನು ಯಾಯೀರ. ಈಕೆಯ ಜೊತೆ ಯೇಸು ಮಾತಾಡುತ್ತಾ ನಿಂತ ಹೊತ್ತಿಗೆ ಮನೆಯಿಂದ ಜನ ಬಂದು, ಮಗಳು ಹೋದಳು, ಗುರುಗಳಿಗೆ ಇನ್ಯಾಕೆ ತೊಂದರೆ ಎನ್ನುತ್ತಾರೆ. ಆ ತಂದೆ ಏನಂದ? ಬೈಬಲಿನಲ್ಲಿ ಒಂದು ಅಕ್ಷರವೂ ಇಲ್ಲ. "ಭಯಪಡಬೇಡ, ನಂಬು" ಎಂದದ್ದು ಯೇಸು. "ನಂಬುತ್ತೇನೆ" ಎಂದು ಯಾಯೀರ ಉತ್ತರ ಕೊಟ್ಟನೋ ಇಲ್ಲವೋ, ಸುಮ್ನೆ ಪಕ್ಕದಲ್ಲಿ ನಡೆದ. ಪ್ರಾರ್ಥನೆಗೆ ಕೂತರೆ ಮಾತು ಬರುವುದಿಲ್ಲ ಎಂದು ಬರೆದಿದ್ದೀರಲ್ಲ, ಅವನಿಗೂ ಬರಲಿಲ್ಲ. ಮನೆ ಮುಟ್ಟುವವರೆಗೆ ಜೊತೆಗೆ ನಡೆದ, ಅಷ್ಟೇ ಅವನ ನಂಬಿಕೆ. ಮಗು ಎದ್ದ ಮೇಲೆ ಯೇಸು ಹೇಳಿದ ಮಾತು ನನಗೆ ಪ್ರತಿಸಲ ಓದಿದಾಗಲೂ ಗಂಟಲು ಕಟ್ಟಿಸುತ್ತದೆ. ಇವಳಿಗೆ ತಿನ್ನುವುದಕ್ಕೆ ಏನಾದರೂ ಕೊಡಿ ಎಂದರು. ಇಷ್ಟು ದೊಡ್ಡ ಅದ್ಭುತದ ನಡುವೆ ಮಗುವಿಗೆ ಹಸಿವಾಗಿರುತ್ತದೆ ಅಂತ ಹೊಳೆದದ್ದು ಅವರೊಬ್ಬರಿಗೇ.

"ನಿನ್ನ ನಂಬಿಕೆ ನಿನ್ನನ್ನು ವಾಸಿಮಾಡಿತು" ಎಂಬ ವಾಕ್ಯದ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಮೂಲ ಗ್ರೀಕಿನಲ್ಲಿ ಅಲ್ಲಿರುವುದು 'ಸೋಜೋ' ಎಂಬ ಕ್ರಿಯಾಪದ. ಅದಕ್ಕೆ ವಾಸಿಮಾಡು, ಕಾಪಾಡು, ರಕ್ಷಿಸು ಎಲ್ಲ ಅರ್ಥವೂ ಉಂಟು. ಇದೇ ವಾಕ್ಯವನ್ನು ಯೇಸು ಲೂಕ 7ರಲ್ಲಿ ಇನ್ನೊಬ್ಬ ಹೆಂಗಸಿಗೂ ಹೇಳುತ್ತಾರೆ, ಸೀಮೋನನ ಮನೆಯ ಊಟದಲ್ಲಿ ಕಣ್ಣೀರಿನಿಂದ ಅವರ ಪಾದ ನೆನೆಸಿದವಳಿಗೆ. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇನ್ನೊಂದು ಸಲ, ಲೂಕ 17ರಲ್ಲಿ, ಹತ್ತು ಮಂದಿ ಕುಷ್ಠರೋಗಿಗಳು. ಹತ್ತೂ ಮಂದಿಗೆ ವಾಸಿಯಾಯಿತು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. "ನಿನ್ನ ನಂಬಿಕೆ" ಎಂಬ ಮಾತು ಸಿಕ್ಕಿದ್ದು ಅವನೊಬ್ಬನಿಗೆ. ಉಳಿದ ಒಂಬತ್ತು ಮಂದಿಯ ಕಾಯಿಲೆ ವಾಪಸ್ ಬಂತಾ? ಇಲ್ಲವಲ್ಲ. ಅಂದಮೇಲೆ ಕಾಯಿಲೆ ವಾಸಿಯಾಗುವುದೇ ಒಂದು ಲೆಕ್ಕ, ಆ ವಾಕ್ಯದ ಲೆಕ್ಕವೇ ಬೇರೆ. ಎರಡನ್ನೂ ಸೇರಿಸಿ ಒಂದು ಸೂತ್ರ ಮಾಡಿಕೊಂಡವರು ನಾವು.

ನಾಲ್ಕೂ ಸುವಾರ್ತೆ ತಿರುವಿಹಾಕಿ ನೋಡಿ. ನಿನ್ನ ನಂಬಿಕೆ ಸಾಲದು, ಹೋಗಿ ಇನ್ನಷ್ಟು ತಗೊಂಡು ಬಾ ಎಂದು ಯೇಸು ವಾಪಸ್ ಕಳಿಸಿದ ರೋಗಿ ಒಬ್ಬರೂ ಇಲ್ಲ. ಒಬ್ಬರೂ. 38 ವರ್ಷದಿಂದ ಕಾಯಿಲೆಯಾಗಿ ಬೇತ್ಸಥಾ ಕೊಳದ ಹತ್ತಿರ ಮಲಗಿದ್ದವನಿಗೆ ತನ್ನನ್ನು ಎಬ್ಬಿಸಿದವರು ಯಾರು ಅಂತಲೇ ಗೊತ್ತಿರಲಿಲ್ಲ. ನಾಯಿನ್ ಊರಿನ ವಿಧವೆ ಏನನ್ನೂ ಕೇಳಲಿಲ್ಲ, ಚಟ್ಟದ ಮೇಲೆ ಇದ್ದ ಮಗನಂತೂ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಯೇಸು ಅವಳನ್ನು ನೋಡಿ ಕನಿಕರಪಟ್ಟರು, ಅಲ್ಲಿಂದ ಎಲ್ಲ ಶುರು. ಆ 'ಕನಿಕರ'ಕ್ಕೆ ಗ್ರೀಕಿನಲ್ಲಿ ಇರುವ ಪದ ಹುಟ್ಟಿದ್ದೇ ಕರುಳು ಎಂಬ ಪದದಿಂದ. ಬೇರೆ ಭಾಷೆಯವರಿಗೆ ಇದನ್ನು ಅರ್ಧ ಗಂಟೆ ವಿವರಿಸಬೇಕು. ಕನ್ನಡದವರಿಗೆ ಕರುಳು ಚುರುಕ್ ಅಂತು ಅಂದರೆ ಮುಗಿಯಿತು.

ಕೂಟದವರು ಯಾಕೋಬನ ಪತ್ರಿಕೆ ತೆಗೆಯುತ್ತಾರೆ, ನನಗೆ ಗೊತ್ತು. ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ, 5ನೇ ಅಧ್ಯಾಯ 15ನೇ ವಚನ. ಸರಿ, ಅದಕ್ಕಿಂತ ಒಂದು ಸಾಲು ಮೇಲೆ ಓದಿ. ರೋಗಿ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಪ್ರಾರ್ಥಿಸುವವರು ಯಾರು? ಹಿರಿಯರು. ಹಾಗಾದರೆ ಅಲ್ಲಿ ಬೇಕಾದ ನಂಬಿಕೆ ಯಾರದ್ದು? ರೋಗಿಯ ಕೆಲಸ ಹೇಳಿಕಳಿಸುವುದು ಮಾತ್ರ. ಮತ್ತಾಯ 17ರಲ್ಲೂ ಹೀಗೆಯೇ. ಮೂರ್ಛೆರೋಗದ ಹುಡುಗ ವಾಸಿಯಾಗದಿದ್ದಾಗ, ನಮ್ಮ ಕೈಲಿ ಯಾಕೆ ಆಗಲಿಲ್ಲ ಎಂದು ಕೇಳಿದ ಶಿಷ್ಯರಿಗೇ ಯೇಸು ನಿಮ್ಮ ನಂಬಿಕೆ ಕಡಿಮೆ ಎಂದದ್ದು, ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೂ ಸಾಕು ಎಂಬ ಮಾತು ಬಂದದ್ದೂ ಅವರಿಗೇ. ಹುಡುಗನಿಗಲ್ಲ. ಅವನ ಅಪ್ಪನಂತೂ ಮಾರ್ಕನ ಸುವಾರ್ತೆಯಲ್ಲಿ ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯಮಾಡಿ ಎಂದು ಎರಡೂ ಮಾತನ್ನು ಒಂದೇ ಉಸಿರಿಗೆ ಕೂಗಿದ, ಹುಡುಗನಿಗೆ ವಾಸಿಯಾಯಿತು. ಇನ್ನೊಂದು ಸಲ ನಿಮ್ಮ ಕೂಟದಲ್ಲಿ ಯಾರಾದರೂ ನಂಬಿಕೆಯ ಅಳತೆ ತೆಗೆದರೆ ಯಾಕೋಬ 5:14 ತೆರೆದು ಕೈಗೆ ಕೊಡಿ. ಜಗಳ ಮಾಡಬೇಡಿ, ಓದಿಸಿ ಸಾಕು.

ನಜರೇತಿನಲ್ಲಿ ಜನರ ಅಪನಂಬಿಕೆಯಿಂದ ಯೇಸು ಹೆಚ್ಚು ಅದ್ಭುತ ಮಾಡಲಾಗಲಿಲ್ಲ ಎಂಬ ಮಾತೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ನಡೆದದ್ದು ಊರಿನವರ ತಾತ್ಸಾರ. ಇವನು ನಮ್ಮ ಬಡಗಿ ಅಲ್ವಾ, ಮರಿಯಳ ಮಗ ಅಲ್ವಾ ಎಂದು ಮೂಗು ಮುರಿದರು. ಆ ಊರಲ್ಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ಗುಣಪಡಿಸಿದರು ಎಂದು ಅದೇ ವಚನ ಹೇಳುತ್ತದೆ. ಮೂರು ವರ್ಷದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪ್ರಾರ್ಥಿಸುವ ನೀವು ಮೂಗು ಮುರಿದವರ ಸಾಲಿನಲ್ಲಿ ಎಲ್ಲಿ ಬರುತ್ತೀರಿ?

ಹಾಗಾದರೆ ನಂಬಿಕೆ ಅಂದರೆ ಏನು ಎಂದು ಕೇಳಿದರೆ ನಾನು ಜಾಸ್ತಿ ವ್ಯಾಖ್ಯಾನ ಮಾಡುವುದಿಲ್ಲ. ಒಂದು ಪದ ತೋರಿಸುತ್ತೇನೆ. ಹೀಬ್ರೂ ಭಾಷೆಯಲ್ಲಿ ನಂಬಿಕೆ, ನಂಬಿಗಸ್ತಿಕೆ ಇವಕ್ಕೆ 'ಎಮೂನಾ' ಎನ್ನುತ್ತಾರೆ. ಬೈಬಲನ್ನು ಮೊದಲಿಂದ ಓದುತ್ತಾ ಬಂದರೆ ಈ ಪದ ಮೊದಲು ಸಿಗುವುದು ವಿಮೋಚನಕಾಂಡ 17ರಲ್ಲಿ. ಅಲ್ಲಿ ಅದನ್ನು ಹೇಳಿರುವುದು ಮೋಶೆಯ ಕೈಗಳಿಗೆ. ಅಮಾಲೇಕ್ಯರ ಜೊತೆ ಯುದ್ಧ, ಮೋಶೆ ಗುಡ್ಡದ ಮೇಲೆ ಕೈ ಎತ್ತಿದರೆ ಇಸ್ರಾಯೇಲ್ಯರು ಗೆಲ್ಲುತ್ತಾರೆ, ಇಳಿಸಿದರೆ ಸೋಲುತ್ತಾರೆ. ಎಷ್ಟು ಹೊತ್ತು ಎತ್ತಿಕೊಂಡಿರಲು ಸಾಧ್ಯ? ಕೈ ಸೋತುಹೋಯಿತು. ಆಗ ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಅವನ ಕೈ ಹಿಡಿದುಕೊಂಡರು. ಹೊತ್ತು ಮುಳುಗುವ ತನಕ ಅವನ ಕೈಗಳು 'ಎಮೂನಾ' ಆಗಿದ್ದವು, ಅಂದರೆ ಅಲುಗದೆ ನಿಂತಿದ್ದವು. ಮೋಶೆಯಂಥ ಮೋಶೆಯ ನಂಬಿಕೆಯನ್ನೇ ಇಬ್ಬರು ಆಚೆ ಈಚೆ ನಿಂತು ಹಿಡಿದುಕೊಳ್ಳಬೇಕಾಯಿತು. ಮೇಲೆ ಕೂರುವುದಕ್ಕೆ ಕಲ್ಲು ಬೇರೆ. ಕಪೆರ್ನೌಮಿನಲ್ಲಿ ಪಾರ್ಶ್ವವಾಯುವಿನ ಮನುಷ್ಯನನ್ನು ನಾಲ್ವರು ಹೊತ್ತುಕೊಂಡು ಬಂದು ಮಾಳಿಗೆ ಒಡೆದು ಇಳಿಸಿದಾಗಲೂ ಯೇಸು ನೋಡಿದ್ದು 'ಅವರ' ನಂಬಿಕೆಯನ್ನು, ಬಹುವಚನ ಅದು. ಮಲಗಿದ್ದವನು ಇಡೀ ಕಥೆಯಲ್ಲಿ ಬಾಯಿ ತೆರೆಯುವುದಿಲ್ಲ. ನಿಮ್ಮ ಕೂಟದವರು ನಿಮ್ಮ ಕೈ ಕೆಳಗೆ ಬಂದಿದೆ ಎಂದು ಬೊಟ್ಟು ಮಾಡುತ್ತಿದ್ದಾರೆ. ಅವರು ಮಾಡಬೇಕಾದದ್ದು ಆರೋನ ಮತ್ತು ಹೂರ ಮಾಡಿದ ಕೆಲಸ.

ಇನ್ನು ರೇಗುವ ವಿಷಯ. ಕರುಣೆ ಹೋಯಿತು ಅನ್ನಿಸುತ್ತದೆ ಎಂದಿರಿ. ಹೋಗಿಲ್ಲ ಅಮ್ಮಾ, ದಣಿದಿದೆ. ಒಳ್ಳೇ ಸಮಾರ್ಯದವನ ಕಥೆ ಭಾನುವಾರದ ಶಾಲೆಯಿಂದ ಕೇಳಿದ್ದೀರಿ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ, ಸುಮಾರು 27 ಕಿಲೋಮೀಟರ್, ಸಾವಿರ ಮೀಟರ್ ಇಳಿಜಾರು, ಕಳ್ಳರ ಕಾಟ. ಕಳ್ಳರು ಹೊಡೆದು ಹಾಕಿದ ಒಬ್ಬ ಮನುಷ್ಯ ಅಲ್ಲಿ ಬಿದ್ದಿದ್ದ. ಯಾಜಕ ಹೋದ, ದೇವಾಲಯದ ಸೇವೆಯ ಲೇವಿಯ ಹೋದ, ಸಮಾರ್ಯದವನು ನಿಂತ. ಕರುಳು ಚುರುಕ್ ಎನ್ನುವ ಅದೇ ಪದ ಇಲ್ಲೂ ಇದೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆದುಕೊಂಡು ಹೋಗಿ ರಾತ್ರಿಯಿಡೀ ನೋಡಿಕೊಂಡ. ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಮರುದಿನ ಅವನು ಏನು ಮಾಡಿದ? ಹೊರಟುಹೋದ! ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ, ಅಂದರೆ ಎರಡು ದಿನದ ಕೂಲಿ. ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದು ತನ್ನ ಕೆಲಸಕ್ಕೆ ಹೋದ. ಯೇಸು ಅವನನ್ನು ಅರ್ಧಕ್ಕೆ ಬಿಟ್ಟು ಹೋದವನು ಎನ್ನಲಿಲ್ಲ, ನೀನೂ ಹಾಗೆಯೇ ಮಾಡು ಎಂದರು. ಆ ಛತ್ರದವನ ಹೆಸರಿನಲ್ಲಿ ಒಂದು ಪ್ರಸಂಗ ಕೇಳಿದ ನೆನಪು ನನಗಿಲ್ಲ. ಆದರೆ ಅವನಿಲ್ಲದಿದ್ದರೆ ಸಮಾರ್ಯದವನ ಕರುಣೆ ಒಂದೇ ರಾತ್ರಿಗೆ ಮುಗಿಯುತ್ತಿತ್ತು.

ನಿಮಗೆ ಛತ್ರದವರು ಬೇಕು. ನಾದಿನಿಯೋ, ಮೈದುನನೋ, ಪಕ್ಕದ ಮನೆಯವರೋ, ಅವರು ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ. ಸಮಾರ್ಯದವನ ಕಥೆಯ ಗುಟ್ಟೇ ಅದು. ಪ್ರವಾದಿ ಎಲೀಯನನ್ನೂ ನೆನಪಿಸಿಕೊಳ್ಳಿ. ಸಾಕಪ್ಪಾ ಸಾಕು, ನನ್ನ ಜೀವ ತಗೋ ಎಂದು ಮರದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಬೈಯಲಿಲ್ಲ, ಪ್ರಾರ್ಥನೆ ಕಡಿಮೆಯಾಯಿತು ಎನ್ನಲಿಲ್ಲ. ಎದ್ದು ತಿನ್ನು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ದೇವರು ಮಾತಾಡಿದ್ದು ಎಷ್ಟೋ ದಿನ ಆದಮೇಲೆ, ಹೋರೇಬ್ ಬೆಟ್ಟದಲ್ಲಿ. ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು? ರೇಗಿದ್ದಕ್ಕೆ ಗಂಡನ ಹತ್ತಿರ ಒಂದು ಮಾತು ಸುಸ್ತಾಗಿದೆ ರೀ, ಅದಕ್ಕೆ ಹಾಗಂದೆ ಎಂದುಬಿಡಿ. ಅವರಿಗೂ ಗೊತ್ತಿರುತ್ತದೆ.

ನಿರೀಕ್ಷೆಯ ಬಗ್ಗೆ ನೀವು ಕೇಳಲಿಲ್ಲ, ಆದರೆ ಕಾಗದದ ತುಂಬ ಅದೇ ಇದೆ. ಗಂಡ ವಾಸಿಯಾಗುತ್ತಾರೆ ಎಂದು ನಾನು ಮಾತು ಕೊಡಲಾರೆ. ಕೊಡುವವರನ್ನು ನಂಬಬೇಡಿ. ಕಿಡ್ನಿ ಕಸಿ ಮಾಡಿಸಬಹುದಾ ಎಂದು ಡಾಕ್ಟರ ಹತ್ತಿರ ಬಾಯಿ ಬಿಟ್ಟು ಕೇಳಿ, ಅದನ್ನು ಕೇಳುವುದೂ ಅಪನಂಬಿಕೆ ಅಲ್ಲ. ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನಿಂದ ತೊಲಗಲಿ ಎಂದು ಯೇಸು ಗೆತ್ಸೆಮನೆಯಲ್ಲಿ ಮೂರು ಸಲ ಪ್ರಾರ್ಥಿಸಿದರು, ತೊಲಗಲಿಲ್ಲ. ತನ್ನನ್ನು ಕಾಡುತ್ತಿದ್ದ ಶರೀರದ ಮುಳ್ಳಿನಂಥ ಬಾಧೆ ಹೋಗಲಿ ಎಂದು ಪೌಲನೂ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಇವರಿಬ್ಬರ ನಂಬಿಕೆಯನ್ನು ನಿಮ್ಮ ಕೂಟದವರು ಯಾವ ಸೇರಿನಲ್ಲಿ ಅಳೆಯುತ್ತಾರೋ ನೋಡಬೇಕು.

ಬೈಬಲಿನ ನಿರೀಕ್ಷೆ, ಎಲ್ಲ ಸರಿಹೋಗುತ್ತದೆ ಬಿಡಿ ಎನ್ನುವ ಸಮಾಧಾನದ ಮಾತಲ್ಲ. ಹೀಬ್ರೂವಿನಲ್ಲಿ ಅದಕ್ಕೆ 'ತಿಕ್ವಾ' ಎನ್ನುತ್ತಾರೆ. ಯೆರಿಕೋವಿನ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರ ಇತ್ತಲ್ಲ, ಅಲ್ಲಿ ದಾರಕ್ಕೆ ಇರುವುದೂ ಇದೇ ಪದ. ಊರು ಇಸ್ರಾಯೇಲ್ಯರ ಕೈಗೆ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ದಾರ ಕಂಡರೆ ನಿನ್ನ ಮನೆಯವರನ್ನು ಉಳಿಸುತ್ತೇವೆ ಎಂದು ಅವರ ಗೂಢಚಾರರು ಮಾತು ಕೊಟ್ಟಿದ್ದರು. ದಾರ ಕಟ್ಟಿ ಮನೆಯವರನ್ನೆಲ್ಲ ಒಳಗೆ ಸೇರಿಸಿಕೊಂಡು ಕೂತಳು. ನಿಮ್ಮ ಗಂಡನ ಕೈಯ ಫಿಸ್ಟುಲಾಕ್ಕೆ, ಅಂದರೆ ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳಕ್ಕೆ, ಸೇರಿಸುವ ಕೆಂಪು ಟ್ಯೂಬನ್ನು ವಾರಕ್ಕೆ ಎರಡು ಸಲ ನೋಡುತ್ತೀರಲ್ಲ, ನನಗೆ ಯಾಕೋ ರಾಹಾಬಳ ದಾರ ನೆನಪಾಯಿತು.

ಪ್ರಾರ್ಥನೆಗೆ ಮಾತು ಬರದಿದ್ದರೆ 88ನೇ ಕೀರ್ತನೆ ಓದಿ. ಬೇರೆ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದನ್ನು ಕಿತ್ತು ಹಾಕದೆ ಉಳಿಸಿಕೊಂಡಿದ್ದಾರೆ, ಇಂಥ ರಾತ್ರಿಗಳಿಗೇ ಇರಬೇಕು. ಒಬ್ಬರೇ ಓದಬೇಡಿ, ಗಂಡನ ಪಕ್ಕ ಕೂತು ಗಟ್ಟಿಯಾಗಿ ಓದಿ.

ಕೂಟದವರ ವಿಷಯಕ್ಕೆ ನನ್ನ ಸಲಹೆ ಇದು. ಅವರು ಕೆಟ್ಟವರಲ್ಲ, ಮೂರು ವರ್ಷ ಪ್ರಾರ್ಥಿಸಿ ಅವರಿಗೂ ಸಾಕಾಗಿದೆ, ಆ ಸಾಕಾದದ್ದನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ. ಈ ವಾರ ಹೋಗಿ, ಮುಂದಿನ ಡಯಾಲಿಸಿಸ್ ದಿನ ನಾಲ್ಕು ಗಂಟೆ ನಿಮ್ಮಲ್ಲಿ ಯಾರಾದರೂ ಬಂದು ಇವರ ಪಕ್ಕ ಕೂರುತ್ತೀರಾ, ನಾನು ಮನೆಗೆ ಹೋಗಿ ಮಲಗಬೇಕು ಎಂದು ಕೇಳಿ. ಡಯಾಲಿಸಿಸ್ ಬಿಟ್ಟು ತೋರಿಸಿ ಎಂದವರನ್ನೇ ಮೊದಲು ಕೇಳಿ. ಬಂದರೆ ಆ ಕೂಟದಲ್ಲಿ ಇರಿ. ಯಾರೂ ಬರದಿದ್ದರೆ ಬೇರೆ ಸಭೆ ನೋಡಿಕೊಳ್ಳಿ, ಅದಕ್ಕೆ ನೀವು ಯಾರ ಹತ್ತಿರವೂ ಕಾರಣ ಹೇಳಬೇಕಾಗಿಲ್ಲ.